ಏಳನೇ ಬಾಗಿಲಿನ ಲಾಲಸಾಬ

ಖಳಖಳ, ಖಳಖಳ. ಸಣ್ಣದೊಂದು ಸ್ಟೀಲ್ ಡಬ್ಬಿ, ಅದರೊಳಗೆ ಇಪ್ಪತ್ತು ಅಂಗಿ ಗುಂಡಿ. ರವಿವಾರ ಮಧ್ಯಾಹ್ನ ಮೂರರ ಸುಮಾರಿಗೆ ಮೊದಲು ಆ ಸಪ್ಪಳ ನಮ್ಮ ಗೇಟಿನ ಹತ್ತಿರ ಕೇಳುತ್ತಿತ್ತು, ಆಮೇಲೆ ಲಾಲಸಾಬ ಕಾಣುತ್ತಿದ್ದ. ಬಾಗಿಲಿಗೆ ಬೆಲ್ ಇದೆ. ಎರಡೂವರೆ ವರ್ಷದಲ್ಲಿ ಅವನು ಅದನ್ನು ಒಮ್ಮೆಯೂ ಒತ್ತಲಿಲ್ಲ. "ಬೆಲ್ ಒತ್ತಿದ್ರ ಕರೆಂಟ್ ಬಿಲ್ಲಿನಾಂವ ಬಂದಾನ ಅನಸ್ತೈತ್ರಿ," ಅನ್ನುತ್ತಿದ್ದ. "ಡಬ್ಬಿ ಅಲಗಾಡಿಸಿದ್ರ ಆಟ ಬಂತು ಅಂತ ಗೊತ್ತಾಗ್ತೈತಿ."

ಅವನು ಇಲಕಲ್ಲಿನವ, ಐವತ್ತು ದಾಟಿದ್ದ. ಸೀರೆಯ ದಡಿಯ ಡಿಸೈನನ್ನು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ತುಂಬಿ, ಅದರ ಪ್ರಕಾರ ದಪ್ಪ ರಟ್ಟಿಗೆ ತೂತು ಹೊಡೆದು ಮಗ್ಗದವರಿಗೆ ಕೊಡುವುದು ಅವನ ಕಸುಬು. ತೂತು ಎಲ್ಲಿ ಬಿತ್ತೋ ಅದರಂತೆ ಮಗ್ಗದಲ್ಲಿ ದಾರ ಏಳುತ್ತದೆ. ಅದೇ ಗ್ರಾಫ್ ಹಾಳೆಯಲ್ಲಿ, ಅದೇ ಪೆನ್ಸಿಲ್ಲಿನಲ್ಲಿ, ಅವನು ರವಿವಾರಕ್ಕಾಗಿ ಒಂದು ಗುಡ್ಡದ ಹೊಟ್ಟೆಯನ್ನು ಬರೆಯುತ್ತಿದ್ದ. ಕರಿ ಚೌಕ ಗೋಡೆ, ಬಿಳಿ ಚೌಕ ದಾರಿ. ಹಾಳೆಯನ್ನು ನಮಗೆ ಕಾಣದಂತೆ ತನ್ನ ಎದೆಗೆ ಹಿಡಿದುಕೊಂಡು, ದಾರ ಕಟ್ಟಿದ ಚಾಳೀಸನ್ನು ಮೂಗಿನ ತುದಿಗೆ ಇಳಿಸಿ, "ನಿಮ್ಮ ಮುಂದ ಒಂದು ಬಾಗಲಾ ಐತಿ. ಒಳಗ ಯಾರೋ ಕೆಮ್ಮಾಕತ್ಯಾರ," ಎಂದು ಶುರು ಮಾಡುತ್ತಿದ್ದ. ನನ್ನ ಡೈನಿಂಗ್ ಟೇಬಲ್ಲು ಆ ಕ್ಷಣಕ್ಕೆ ಎಲ್ಲಿಗೋ ಹೋಗಿಬಿಡುತ್ತಿತ್ತು.

ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಇದರಲ್ಲಿ ಗೆಲ್ಲುವವರಿಲ್ಲ, ಸೋಲುವವರೂ ಇಲ್ಲ. ಒಬ್ಬರು ಒಂದು ಲೋಕವನ್ನು ಕಟ್ಟಿಕೊಂಡು ಬರುತ್ತಾರೆ. ಉಳಿದವರು ಆ ಲೋಕದೊಳಗೆ ತಲಾ ಒಂದೊಂದು ಪಾತ್ರವಾಗುತ್ತಾರೆ. ಎದುರಿಗೆ ಏನಿದೆ ಅಂತ ಆಟ ನಡೆಸುವವನು ಹೇಳಬೇಕು, ತಾವು ಏನು ಮಾಡುತ್ತೇವೆ ಅಂತ ಆಡುವವರು ಹೇಳಬೇಕು. ಆಗುತ್ತದೋ ಇಲ್ಲವೋ ಅನ್ನುವಂಥ ಕೆಲಸವಾದರೆ ಡಬ್ಬಿಯಿಂದ ನಂಬರು ಬರೆದ ಒಂದು ಗುಂಡಿ ತೆಗೆಯುವುದು. ದೊಡ್ಡ ನಂಬರು ಬಂದರೆ ಆಯಿತು, ಸಣ್ಣದು ಬಂದರೆ ಫಜೀತಿ. ನಡೆಸುವವನಿಗೆ ಇಂಗ್ಲಿಷ್ ಪುಸ್ತಕದಲ್ಲಿ ಗೇಮ್ ಮಾಸ್ಟರ್ ಅಂತ ಬರೆದಿದ್ದರು. ಲಾಲಸಾಬನಿಗೆ ಆ ಹೆಸರು ಸೇರಲಿಲ್ಲ. "ಮಾಸ್ತರಕಿ ನಿಮ್ದು ಟೀಚರ್. ನಾ ಬರೇ ಬಾಗಲಾ ಕಾಯಾಂವ," ಅಂದ.

ನಾನು ಧಾರವಾಡದ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಬೆಳೆದವಳು, ಬಾಗಲಕೋಟೆಯಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಮದುವೆಯಾಗಲಿಲ್ಲ. ಅಕ್ಕನೂ ಆಗಲಿಲ್ಲ. ವಿದ್ಯಾಗಿರಿಯ ಈ ಮನೆಯಲ್ಲಿ ಇಬ್ಬರೂ ಬೈದಾಡಿಕೊಂಡು ಚೆನ್ನಾಗಿದ್ದೆವು. ಅಕ್ಕ ಹೋದ ಮೇಲೆ ರವಿವಾರ ಅನ್ನುವುದು ಎಷ್ಟು ಉದ್ದ ಅಂತ ನನಗೆ ಗೊತ್ತಾಯಿತು. ಉಳಿದ ದಿನ ಕೆಲಸದ ಶಾಂತವ್ವ ಬರುತ್ತಿದ್ದಳು, ಪೋಸ್ಟ್‌ಮನ್ ಬರುತ್ತಿದ್ದ. ರವಿವಾರ ಯಾರೂ ಇಲ್ಲ. ಸಂಜೆಯಾದರೂ ಒಂದು ಮಾತು ಆಡಿರುತ್ತಿರಲಿಲ್ಲ. ಫ್ರ್ಯಾಂಕ್ಲಿ, ದನಿ ಇದೆಯೋ ಇಲ್ಲವೋ ಅಂತ ನೋಡಲು ಅಡುಗೆಮನೆಯಲ್ಲಿ ನಿಂತು ನನ್ನ ಹೆಸರನ್ನು ನಾನೇ ಕರೆದುಕೊಂಡದ್ದುಂಟು, ಸಾಲಿಯಲ್ಲಿ ಹಾಜರಿ ಕರೆದ ಹಾಗೆ.

ಲಾಲಸಾಬನನ್ನು ಕರೆತಂದವನು ಬಸ್ ಕಂಡಕ್ಟರ್ ಬಸಣ್ಣ, ನನ್ನ ಹಳೇ ವಿದ್ಯಾರ್ಥಿ. ಇಲಕಲ್ ಗಾಡಿಯಲ್ಲಿ ಟಿಕೆಟ್ ಹರಿಯುವಾಗ ಪ್ಯಾಸೆಂಜರೊಬ್ಬ ತೊಡೆಯ ಮೇಲೆ ದಪ್ಪ ಇಂಗ್ಲಿಷ್ ಪುಸ್ತಕ ಇಟ್ಟುಕೊಂಡು ಬೆವರುತ್ತಿದ್ದನಂತೆ. ಫೋನಿನಲ್ಲಿ ಪರದೇಶದ ಜನ ಟೇಬಲ್ ಸುತ್ತ ಕುಳಿತು ಈ ಆಟ ಆಡುವುದನ್ನು ನೋಡಿ, ಯಾರದೋ ಕಡೆಯಿಂದ ಪುಸ್ತಕ ತರಿಸಿ, ಝೆರಾಕ್ಸ್ ಮಾಡಿಸಿಕೊಂಡಿದ್ದ. ಓದಲು ಬರಲಿಲ್ಲ.

"ಟೀಚರ್, ಇದರಾಗ ಏನ್ ಬರದಾರ ಒಂದೀಟು ಓದಿ ಹೇಳ್ರಿ," ಅಂದ, ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೇ ನಿಂತು.

"ನೀವು ಒಳಗ ಬರ್ರಿ ಮೊದಲ," ಅಂದೆ.

"ನನಗ ನೀವು ಅನಬ್ಯಾಡ್ರಿ. ನನ್ನ ಹಿಂದ ಮತ್ತ್ಯಾರೋ ನಿಂತಾರೇನೋ ಅಂತ ತಿರುಗಿ ನೋಡೂ ಹಂಗ ಆಗ್ತೈತಿ."

ಆರು ರವಿವಾರ ನಾನು ಓದಿದೆ, ಅವನು ಕೇಳಿದ. ನಿಯಮದ ಮೇಲೆ ನಿಯಮ, ಅದಕ್ಕೊಂದು ಟೇಬಲ್ಲು, ಟೇಬಲ್ಲಿಗೊಂದು ಫುಟ್‌ನೋಟು. ಅರ್ಧಕ್ಕರ್ಧ ಬಿಟ್ಟುಬಿಟ್ಟ. ನಾನು ಟೀಚರಲ್ಲವೇ, ಸಿಟ್ಟು ಬಂತು. ಹೀಗೆ ಬಿಟ್ಟರೆ ಹೇಗೆ ಅಂತ ಕೇಳಿದೆ. "ದಡಿ ಅವರು ಹೇಳಿದಂಗ ಇರ್ಲಿ ಟೀಚರ್, ಒಡಲು ನಾವು ನೇಯೂಣು," ಅಂದ. ಏಳನೇ ರವಿವಾರ ಡಬ್ಬಿ ತಂದ.

ಆಡುವವರು ಮೂರು ಜನ. ಬಸಣ್ಣ ಪೈಲವಾನನಾದ. ದವಾಖಾನೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಸುಜಾತಾ, ನಮ್ಮ ಎದುರು ಮನೆಯವಳು, ಬಂದಳು. ನೀನು ವೈದ್ಯಳಾಗು ಅಂದರೆ, "ವಾರಪೂರ್ತಿ ಅದ ಮಾಡ್ತೇನ್ರಿ, ಇಲ್ಲೂ ಸೂಜಿ ಹಿಡೀಲೇನು?" ಅಂತ ಕುದುರೆ ಏರುವ ದರೋಡೆಗಾರ್ತಿಯಾದಳು. ನನ್ನನ್ನು ಕೇಳಿದಾಗ ಬಾಯಿಂದ ತಾನಾಗಿಯೇ ಬಂತು: ಕಳ್ಳಿ. ಹತ್ತೊಂಬತ್ತು ವರ್ಷದವಳು, ಹೆಸರು ಕಾಳಿ, ಎಂಥ ಬೀಗವನ್ನೂ ತೆಗೆಯುವವಳು. ಐವತ್ತು ವರ್ಷ ಬೆನ್ನು ನೆಟ್ಟಗೆ ಇಟ್ಟುಕೊಂಡು ಬಾಳಿದ ಹೆಂಗಸಿಗೆ ಕಳ್ಳತನ ಎಷ್ಟು ಹಿತವಾಗಿತ್ತೆಂದರೆ, ಕಾನ್ವೆಂಟಿನ ಸಿಸ್ಟರ್‌ಗಳು ಕೇಳಿದ್ದರೆ ಜಪಮಾಲೆ ಕೆಳಗೆ ಬಿಡುತ್ತಿದ್ದರು.

ಕಥೆ ಇಷ್ಟೇ. ಒಂದು ಊರಿನ ನೀರಿನ ಸೆಲೆಗೆ ಯಾರೋ ಬೀಗ ಹಾಕಿದ್ದಾರೆ. ಬೀಗ ಗುಡ್ಡದೊಳಗಿದೆ. ಏಳು ಬಾಗಿಲು ದಾಟಿ ಹೋಗಿ ತೆರೆಯಬೇಕು.

ಪ್ರತಿ ಬಾಗಿಲಿಗೂ ಅವನು ಪಡುತ್ತಿದ್ದ ಕಷ್ಟ ನೋಡಬೇಕಿತ್ತು. ಕೆಲಸವಿಲ್ಲದ ದಿನ ಬಾದಾಮಿಗೆ ಹೋಗಿ ಕೆಂಪು ಬಂಡೆಗಳ ನಡುವಿನ ಸಂದಿಗಳಲ್ಲಿ ನುಗ್ಗಿ, ಎಲ್ಲಿ ದನಿ ಮಾರ್ದನಿಸುತ್ತದೆ, ಎಲ್ಲಿ ಒಬ್ಬನೇ ಅಡ್ಡಡ್ಡ ಹೋಗಬಹುದು ಅಂತ ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಒಮ್ಮೆ ಕೋತಿಯೊಂದು ಮೂರನೇ ಬಾಗಿಲಿನ ಹಾಳೆಯನ್ನು ಕಿತ್ತುಕೊಂಡು ಬಂಡೆಯ ಮೇಲೆ ಕುಳಿತು ಅರ್ಧ ತಿಂದಿತು. ಆ ರವಿವಾರ ಬರಿಗೈಯಲ್ಲಿ ಬಂದ. ಮುಖ ಗಂಭೀರ. "ಮೂರನೇ ಬಾಗಲಾ ಇದ್ದ ಜಾಗಾದಾಗ ಬಾಗಲಾ ಇಲ್ಲ," ಅಂದ. "ಮಂಗ್ಯಾ ಒಯ್ದೈತಿ. ಹಿಂದ ಹತ್ತತೀರೋ, ಹೆಂಗ?" ಪೂರಾ ಮೂರು ತಾಸು ಆ ಕೋತಿಯ ಬೆನ್ನು ಹತ್ತಿದೆವು. ನಕ್ಕು ನಕ್ಕು ಸುಜಾತಾ ಕುರ್ಚಿಯಿಂದ ಬಿದ್ದಳು.

ನಾಲ್ಕನೇ ಬಾಗಿಲಿಗೆ ಅವನು ಒಬ್ಬ ಮುದುಕಿಯನ್ನು ಕೂರಿಸಿದ್ದ. ರಾಕ್ಷಸಿ ಅವಳು. ಜೋಳ ಹಸನು ಮಾಡುತ್ತ, ಬಂದವರಿಗೆ ವಿಷದ ಊಟ ಹಾಕುತ್ತಾಳೆ. ಸಂಶಯ ಬಂದು ನಾವು ಹೊಡೆದಾಟಕ್ಕೆ ಇಳಿಯಬೇಕು, ಇದು ಅವನ ಪ್ಲ್ಯಾನು. ಮುದುಕಿಯ ದನಿಯಲ್ಲಿ, "ಬಿಸಲಾಗ ಬಂದೀರಿ, ರೊಟ್ಟಿ ತಿಂದು ಹೋಗ್ರೆಪಾ," ಅಂದ. ನಾವು ಮೂವರೂ, ಕೈ ತೊಳೆದುಕೊಂಡು ಊಟಕ್ಕೆ ಕೂಡುತ್ತೇವೆ ಅಂದೆವು.

"ಖರೆನ ತಿಂತೀರೇನು?" ಲಾಲಸಾಬ ಗಾಬರಿಯಾದ.

"ಹಿರೇರು ಕರದಾಗ ಹೆಂಗ ಒಲ್ಲೆ ಅನ್ನೂದು?" ಬಸಣ್ಣ ಕೇಳಿದ.

"ಝುಣಕಾ ಇನ್ನೀಟು ಹಾಕು ಅನ್ರಿ ಆಯಿಗೆ," ಅಂದಳು ಸುಜಾತಾ.

ಲಾಲಸಾಬ ಹಾಳೆ ಕೆಳಗಿಟ್ಟು ತಲೆ ಹಿಡಿದುಕೊಂಡ. "ಎರಡು ರಾತ್ರಿ ಕುಂತು ಯುದ್ಧ ಬರದೇನಿ! ನೀವು ಎರಡನೇ ಸರ್ತಿ ನೀಡಿಸ್ಕೊಳಾಕತ್ತೀರಿ!" ಆಮೇಲೆ ಹಾಳೆಯನ್ನು ಬೋರಲು ಮಾಡಿದ. ಮತ್ತೆ ಬಾಯಿ ತೆರೆದಾಗ ಮುದುಕಿಯ ದನಿ ಬದಲಾಗಿತ್ತು. ಇಷ್ಟು ವರ್ಷದಲ್ಲಿ ತನ್ನ ಎದುರಿಗೆ ಹೀಗೆ ನಂಬಿ ಕುಳಿತು ಯಾರೂ ಉಂಡಿರಲಿಲ್ಲ ಅಂದಳು. ತಟ್ಟೆಗಳನ್ನು ತಾನೇ ತೆಗೆದು ಚೆಲ್ಲಿ, ವಿಷಕ್ಕೆ ಮದ್ದು ಕುಡಿಸಿ, ಬಾಗಿಲು ಬಿಟ್ಟುಕೊಟ್ಟಳು. ಬರೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಕೈಬಿಟ್ಟು, ಎದುರಿಗಿದ್ದ ಜನರಿಗೆ ತಕ್ಕಂತೆ ಹೊಸದು ನೇಯುವುದು ಅವನಿಗೆ ಬರುತ್ತಿತ್ತು. ಅವತ್ತು ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ಹೀಗೆ ಏಳನೇ ಬಾಗಿಲಿಗೆ ಬಂದೆವು.

ಅದಕ್ಕೆ ಒಂದು ವಾರ ಮುಂಚೆ ಲಾಲಸಾಬ ಸಂತೋಷದಿಂದ ಒಂದು ಸುದ್ದಿ ಹೇಳಿದ್ದ. ಇಲಕಲ್ಲಿನಲ್ಲಿ ಅವನ ಓಣಿಯ ಮಗ್ಗದವರು ನಮಗೂ ಈ ಆಟ ಆಡಿಸು ಅಂತ ಬೆನ್ನು ಬಿದ್ದಿದ್ದಾರೆ. ಅವರಿಗೂ ರವಿವಾರವೇ ಬಿಡುವು. "ಏಳನೇ ಬಾಗಲಾ ಆತಂದ್ರ ಇಲ್ಲೀದು ಮುಗೀತ್ರಿ. ಆಮ್ಯಾಲೆ ಅಲ್ಲೆ ಶುರು ಮಾಡ್ತೇನಿ." ಬಸ್ಸಿನಲ್ಲಿ ಹುನಗುಂದ, ಕಮತಗಿ ದಾಟಿ ಪ್ರತಿ ವಾರ ಅಷ್ಟು ದೂರ ಬರುವುದು ಅವನಿಗೂ ಸುಲಭವಿರಲಿಲ್ಲ. ನಾನು, "ವೆರಿ ಗುಡ್, ಭಾಳ ಚಲೋ ಆತು," ಅಂದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಏಳನೇ ಬಾಗಿಲಿಗೆ ಬೀಗವಿತ್ತು. ಬೀಗ ತೆಗೆಯುವವಳು ಕಾಳಿ ಒಬ್ಬಳೇ.

"ಟೀಚರ್, ಏನ್ ಮಾಡ್ತೀರಿ?" ಲಾಲಸಾಬ ಕೇಳಿದ.

"ತಡಿ," ಅಂದೆ. "ಇದರಾಗ ಏನೋ ಮೋಸ ಐತಿ. ಮೊದಲ ಗ್ವಾಡಿ ನೋಡೂಣು."

ಆ ವಾರ ಗೋಡೆ ನೋಡಿದೆವು. ಮುಂದಿನ ವಾರ, ಎರಡನೇ ಬಾಗಿಲಿನ ಹತ್ತಿರ ಏನೋ ಬಿಟ್ಟುಬಂದಿದ್ದೇವೆ, ಹಿಂದಕ್ಕೆ ಹೋಗೋಣ ಅಂದೆ. ಅದರ ಮುಂದಿನ ವಾರ ಪಕ್ಕದಲ್ಲಿ ಸುರಂಗ ಇರಬಹುದು ಅಂದೆ. ಬಸಣ್ಣ ಒಮ್ಮೆ, "ಟೀಚರ್, ನಾ ಒಂದು ಒದಿ ಒದ್ದು ನೋಡ್ಲೇನ್ರಿ?" ಅಂತ ಕೇಳಿದ. ಬ್ಯಾಡ ಅಂದೆ. ಅವನು ಹೂಂ ಅಂದು ಕೈ ಕಟ್ಟಿ ಕುಳಿತ, ಏಳನೇ ಇಯತ್ತೆಯಲ್ಲಿ ಕುಳಿತಿದ್ದ ಹಾಗೆಯೇ. ನನ್ನ ಮಾತಿಗೆ ಅಲ್ಲಿ ಎದುರು ಮಾತೇ ಇರಲಿಲ್ಲ. ಬಸಣ್ಣ ನನ್ನ ವಿದ್ಯಾರ್ಥಿ. ಸುಜಾತಾ ಮಗಳ ವಯಸ್ಸಿನವಳು. ನಾಲ್ಕನೇ ಬಾಗಿಲಿನಲ್ಲಿ ವಿಷದ ಊಟಕ್ಕೂ ಒಲ್ಲೆ ಅನ್ನದವರು ನನಗೆ ಏನೆಂದಾರು? ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಉಪಯೋಗಿಸಿಕೊಂಡೆ.

ಲಾಲಸಾಬನೂ ಅಷ್ಟೇ. ನಾನು ಸುರಂಗ ಇರಬಹುದು ಅಂದರೆ ಮುಂದಿನ ರವಿವಾರ ಸುರಂಗ ಬರೆದು ತರುತ್ತಿದ್ದ. ಅದರ ಕೊನೆಗೊಂದು ಕೋಣೆ, ಕೋಣೆಯೊಳಗೊಬ್ಬ ಕುರುಡ ಗಾಯಕ, ಅವನಿಗೊಂದು ಕಥೆ. ಎಲ್ಲವೂ ಸುಂದರ. ಯಾವುದೂ ಎಲ್ಲಿಗೂ ಹೋಗುತ್ತಿರಲಿಲ್ಲ. ಅಷ್ಟರಲ್ಲಿ ಅವನ ಚಾಳೀಸಿನ ಗಾಜು ದಪ್ಪವಾಗಿತ್ತು. ಸಣ್ಣ ಕೆಲಸ ಕಡಿಮೆ ಮಾಡು ಅಂತ ಕಣ್ಣಿನ ಡಾಕ್ಟರು ಹೇಳಿದ್ದರಂತೆ. ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತಿದ್ದ. ನಾನು ಅದನ್ನೂ ನೋಡುತ್ತಿದ್ದೆ.

ಮೊದಲು ಬಸಣ್ಣನಿಗೆ ರವಿವಾರ ಡ್ಯೂಟಿ ಬೀಳತೊಡಗಿತು. ಆಮೇಲೆ ಸುಜಾತಾ ಎರಡು ವಾರ ಬರಲಿಲ್ಲ. ಎದುರು ಮನೆಯಲ್ಲಿ ಅವಳ ಸ್ಕೂಟಿ ನಿಂತಿರುವುದು ಕಾಣುತ್ತಿತ್ತು. ಫೋನ್ ಮಾಡಿದೆ.

"ತಪ್ಪ ತಿಳಕೋಬ್ಯಾಡ್ರಿ ಟೀಚರ್," ಅಂದಳು. "ನಾಲ್ಕ ತಿಂಗಳಾತು, ಒಂದ ಬಾಗಲಾ ಮುಂದ ನಿಂತೇವಿ. ನೀವು ಹೇಳಿದ್ಮ್ಯಾಲೆ ನಮಗ ಮಾತಾಡಾಕ ಬರೂದಿಲ್ಲ. ನನ್ನ ಕುದ್ರಿ ನಿಂತ್ ನಿಂತ ಕಾಲು ಹಿಡಕೊಂಡಾವ್ರಿ." ನಗಿಸಲು ನೋಡಿದಳು, ಪಾಪ.

ಮುಂದಿನ ರವಿವಾರ ನಾನು ಮತ್ತು ಲಾಲಸಾಬ ಇಬ್ಬರೇ. ನಾಲ್ಕು ಕುರ್ಚಿ, ಎರಡು ಖಾಲಿ. ಅವನು ಹೊಸ ಹಾಳೆ ಬಿಚ್ಚಿದ. ನಾನು ಹಿಂದಿನ ವಾರ ಬಾಯಿಗೆ ಬಂದದ್ದನ್ನು ಹೇಳಿದ್ದಕ್ಕೆ ಒಂದು ಇಡೀ ನೆಲಮಾಳಿಗೆ ಬರೆದು ತಂದಿದ್ದ. ಪೆನ್ಸಿಲ್ ಗೆರೆಗಳು ಚೌಕದಿಂದ ಹೊರಗೆ ಹೋಗಿದ್ದವು. ಅವನ ಕೈಯಿಂದ ಗೆರೆ ಹೊರಗೆ ಹೋದದ್ದನ್ನು ನಾನು ಮೊದಲು ನೋಡಿದ್ದು ಅವತ್ತೇ.

"ಲಾಲಸಾಬ," ಅಂದೆ, "ಕಾಳಿ ಬಾಗಲಾ ತಗೀತಾಳ."

ಅವನು ಹಾಳೆ ಮಡಚಿ ಬದಿಗಿಟ್ಟ. ಗುಂಡಿ ತೆಗೆ ಅಂತಲೂ ಹೇಳಲಿಲ್ಲ. ಬಾಗಿಲು ತೆರೆಯಿತು. ಒಳಗೆ ಸೆಲೆಯ ಬಾಯಿಗೆ, ಮೂವರು ಸೇರಿ ಎತ್ತಬೇಕಾದ ಒಂದು ಕಲ್ಲು ಇತ್ತು. ಪೈಲವಾನ ಎಲ್ಲಿ ಕೈ ಹಾಕುತ್ತಿದ್ದ, ದರೋಡೆಗಾರ್ತಿ ಹಗ್ಗ ಎಲ್ಲಿಗೆ ಕಟ್ಟುತ್ತಿದ್ದಳು, ಎಲ್ಲವನ್ನೂ ಲಾಲಸಾಬನೇ ಹೇಳಿದ, ಖಾಲಿ ಕುರ್ಚಿಗಳ ಕಡೆ ಕೈ ತೋರಿಸುತ್ತ. ಅವರು ನಗಬೇಕಾದ ಕಡೆ ಸ್ವಲ್ಪ ನಿಲ್ಲುತ್ತಿದ್ದ. ಕಲ್ಲು ಸರಿಯಿತು, ಊರಿಗೆ ನೀರು ಬಂತು. ಎಲ್ಲ ಹತ್ತು ನಿಮಿಷದಲ್ಲಿ ಮುಗಿಯಿತು.

"ನನಗ ಮೊದಲ ಹೇಳಬೇಕಿಲ್ಲೋ?" ಅಂದೆ. "ಸಾಕು ಮಾಡ್ರಿ ಅಂತ."

"ಹಿರೇರಿಗೆ ಹೆಂಗ ಹೇಳೂದ್ರಿ?"

"ಆಟದಾಗ ಎಂಥ ಹಿರೇರು? ಕಾಳಿ ಹತ್ತೊಂಬತ್ತು ವರ್ಷದಾಕಿ."

ಲಾಲಸಾಬ ಚಾಳೀಸು ತೆಗೆದು ಅಂಗಿಯ ತುದಿಯಿಂದ ಒರೆಸಿದ. "ಕಾಳಿಗಾದ್ರ ಬೈದು ಹೇಳ್ತಿದ್ನಿ," ಅಂದ ಮೆಲ್ಲಗೆ. "ನಾಲ್ಕ ತಿಂಗಳಾತು, ಕಾಳಿ ಬರಲೇ ಇಲ್ಲಲ್ರಿ. ಟೀಚರ್ ಬರ್ತಿದ್ರು."

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಹೋಗುವಾಗ, ಇಲಕಲ್ಲಿಗೆ ಬರ್ರಿ, ಅಲ್ಲಿ ನಿಮಗೊಂದು ಕುರ್ಚಿ ಇಟ್ಟಿರ್ತೇನಿ ಅಂದ. ನಿಜವಾಗಿಯೂ ಇಡುತ್ತಿದ್ದ, ಅಂಥ ಮನುಷ್ಯ.

ಲಾಲಸಾಬ ಈಗ ಇಲ್ಲ. ಅವತ್ತಿನಿಂದ ಒಂದು ವರ್ಷ ತುಂಬುವುದರೊಳಗೆ ಎದೆನೋವು ಬಂದು ಹೋಗಿಬಿಟ್ಟ. ಬಸಣ್ಣ ಫೋನ್ ಮಾಡಿ ಹೇಳಿದ, ಆಗಲೇ ಮಣ್ಣು ಮುಗಿದಿತ್ತು. ಅವನ ಮುಖ ನೋಡಲು ಆಗಲಿಲ್ಲ ಅನ್ನುವ ಹಳಹಳಿ ನನಗಿಲ್ಲ. ಅದಕ್ಕೆ ಮುಂಚೆ ಒಮ್ಮೆ ನೋಡಿದ್ದೆ. ಅವನಿಗೆ ಗೊತ್ತಿಲ್ಲ.

ಕೊನೆಯ ಆಟವಾಗಿ ನಾಲ್ಕೈದು ತಿಂಗಳಾಗಿತ್ತು. ರವಿವಾರಗಳು ಮತ್ತೆ ಉದ್ದವಾಗಿದ್ದವು. ಸೀರೆ ಕೊಳ್ಳುವ ನೆಪ ಮಾಡಿಕೊಂಡು, ಅಡಿಕೆ ಬಣ್ಣದ ಸೀರೆ ಉಟ್ಟು, ಒಂದು ಡಬ್ಬಿ ಶೇಂಗಾ ಉಂಡಿ ಕಟ್ಟಿಕೊಂಡು ಇಲಕಲ್ ಬಸ್ ಹತ್ತಿದೆ. ಓಣಿ ಕೇಳುತ್ತ ಹೋದೆ. ಮಗ್ಗಗಳಿಗೆ ಬಿಡುವು, ಓಣಿ ಮೌನವಾಗಿತ್ತು. ಒಂದು ಪಡಸಾಲೆಯಿಂದ ಮಾತ್ರ ಗದ್ದಲ ಕೇಳುತ್ತಿತ್ತು.

ಬಾಗಿಲು ತೆರೆದಿತ್ತು. ಚಾಪೆಯ ಮೇಲೆ ಐದಾರು ಜನ, ಹೆಂಗಸರು, ಗಂಡಸರು. ನಡುವೆ ಲಾಲಸಾಬ ಮೊಣಕಾಲೂರಿ ನಿಂತು ಎರಡೂ ಕೈ ಚಾಚಿ ಏನನ್ನೋ ತೋರಿಸುತ್ತಿದ್ದ.

"ಏ ಲಾಲ್ಯಾ, ಸುಳ್ಳ ಹೇಳಬ್ಯಾಡಲೇ! ಹೋದ ವಾರ ಆ ಹುಲಿ ಸತ್ತಿತ್ತು!" ಒಬ್ಬ ಮುದುಕ ಕೂಗಿದ.

"ಮಾಮಾ, ನೀ ಸುಮ್ ಕುಂದರ, ಈಗ ನನ್ನ ಪಾಳಿ," ಅಂತ ಒಬ್ಬಳು ಸೊಸೆಯ ವಯಸ್ಸಿನವಳು ಅವನ ಕೈ ಹಿಡಿದು ಜಗ್ಗಿದಳು. "ನಾ ಹುಲಿ ಬಾಲಾ ಹಿಡೀತೇನಿ."

"ಹಿಡದ್ರ ಕಡೀತೈತಿ," ಲಾಲಸಾಬ ಅಂದ.

"ಕಡೀಲಿ ತಗೋ! ನಿಂದೇನ್ ಹೋಕ್ಕೈತಿ?"

ಲಾಲಸಾಬ ತಲೆ ಹಿಂದಕ್ಕೆ ಹಾಕಿ ನಕ್ಕ. ನನ್ನ ಮನೆಯಲ್ಲಿಯೂ ನಕ್ಕಿದ್ದ, ಆದರೆ ಅಲ್ಲಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಇಲ್ಲಿ ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದ.

ಬಾಗಿಲ ಹತ್ತಿರ ಕುಳಿತಿದ್ದ ಒಬ್ಬ ಹೆಂಗಸು ನನ್ನನ್ನು ನೋಡಿದಳು. ಕೂಡಲೇ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ಯಾರು ಬೇಕಾಗಿತ್ರಿ ಅಮ್ಮಾರ? ಒಳಗ ಬರ್ರಿ, ಇಲ್ಲೆ ಕುಂದರ್ರಿ," ಅಂತ ತನ್ನ ಜಾಗ ಬಿಟ್ಟುಕೊಟ್ಟಳು. ಅವಳು ಎದ್ದದ್ದನ್ನು ನೋಡಿ ಮುದುಕನೂ ಬಾಯಿ ಮುಚ್ಚಿದ. ಅವನನ್ನು ಜಗ್ಗುತ್ತಿದ್ದವಳು ಕೈ ಬಿಟ್ಟಳು. ಗದ್ದಲ ಒಂದು ಕ್ಷಣದಲ್ಲಿ ಇಳಿದುಹೋಯಿತು.

"ಮನಿ ತಪ್ಪಿತವ್ವಾ," ಅಂದೆ, ದನಿ ತಗ್ಗಿಸಿ. "ಸೀರಿ ಅಂಗಡಿ ಹುಡುಕಾಕತ್ತಿದ್ನಿ."

ಲಾಲಸಾಬ ನನ್ನ ಕಡೆ ತಿರುಗಿದ. ಬಿಸಿಲು ನನ್ನ ಬೆನ್ನಿಗಿತ್ತು. ಕಣ್ಣು ಕಿರಿದು ಮಾಡಿದ, ಕಾಣಲಿಲ್ಲ.

"ಯಾರದು?"

"ಯಾರೋ ಹಿರೇರು. ದಾರಿ ತಪ್ಪ್ಯಾರ," ಅಂದಳು ಹೆಂಗಸು.

"ಹಂಗಾರ ಜೋಡಿ ಹೋಗಿ ತೋರಿಸಿ ಬಾ. ಬಿಸಲಾಗ ಎಲ್ಲಿ ಹುಡುಕ್ಯಾಡ್ತಾರ? ನೀ ಬರೂಮಟ ನಾವು ನಿಂದರ್ತೇವಿ."

ಅವಳು ಚಪ್ಪಲಿ ಮೆಟ್ಟಿ ನನ್ನ ಜೊತೆ ಬಂದಳು. ಓಣಿಯ ಮೂಲೆಯವರೆಗೆ ನಡೆದೆವು. ಹಿಂದೆ ಆ ಪಡಸಾಲೆಯಿಂದ ಒಂದು ಶಬ್ದವೂ ಬರುತ್ತಿರಲಿಲ್ಲ. ಎಲ್ಲರೂ ಕಾಯುತ್ತಿದ್ದರು. ನಾನು ನಿಂತೆ.

"ನೀ ಹೋಗವ್ವಾ. ನಾ ಕೇಳಿಕೊಂಡು ಹೋಗ್ತೇನಿ. ನಿನ್ನ ಸಲುವಾಗಿ ಆಟ ನಿಂತೈತಿ."

"ಆಟ ಅಂತ ನಿಮಗ ಹೆಂಗ ಗೊತ್ತಾತ್ರಿ?"

"ಲಗೂ ಹೋಗು," ಅಂದೆ, ಉಂಡಿಯ ಡಬ್ಬಿಯನ್ನು ಅವಳ ಕೈಗಿಟ್ಟು.

ಅವಳು ಓಡಿದಳು. ಲಾಲಸಾಬ ಹೊಸ್ತಿಲಿಗೆ ಬಂದು ನಿಂತು ಕೈಯನ್ನು ಹಣೆಗೆ ಅಡ್ಡ ಹಿಡಿದು ಓಣಿಯತ್ತ ನೋಡುತ್ತಿದ್ದ. ಅವಳು ಬಂದದ್ದು ಕಂಡ ಕೂಡಲೇ ಒಳಗೆ ತಿರುಗಿದ, ಏನೋ ಹೇಳಿದ. ಮುದುಕ ಮತ್ತೆ ಕೂಗತೊಡಗಿದ.